ಹೆಸರು ಕಡೀಕ ಹೇಳೋ ತಂಗಿ

ನಾಗಪುರದ ನಮ್ಮ ರೈಲ್ವೆ ಕ್ವಾರ್ಟರ್ಸಿನಲ್ಲಿ ಯಾರು ಬಾಯಿ ತೆರೆದರೂ ಏಟು ಬೀಳುವುದು ನನ್ನ ಬೆನ್ನಿಗೇ. ನಯಾ ಪೈಸಾ ಬಂದ ವರ್ಷ ಎರಡೂವರೆ ವರ್ಷದ ತಂಗಿಗೂ ಬಾಯಿ ಬಂತು. ಐದನೇ ಇಯತ್ತೆಯಲ್ಲಿ ಎರಡು ಸಲ ಕೂತ ನಾನು ಅವಳಿಗೆ ಕೈ ಮುಗಿದುಬಿಟ್ಟೆ.

೧. ಮುಂದೆ ಅಣ್ಣ

ಮೊದಮೊದಲು ಅವಳ ಮಾತಿನಲ್ಲಿ ನಾನೇ ಮುಂದೆ. "ಅಣ್ಣ ಬೆಲ್ಲ ತಿಂದ." 'ಅಣ್ಣ' ಅಂದ ಕೂಡಲೇ ಅಪ್ಪನ ಕೈ ಏಳುತ್ತಿತ್ತು, ಬೆಲ್ಲ ಬರುವಷ್ಟರಲ್ಲಿ ಏಟು ಬಿದ್ದಿರುತ್ತಿತ್ತು. ಒಂದು ದಿನ ಏಟು ಬಿದ್ದ ಮೇಲೆ ಮಾತು ಮುಗಿಯಿತು: "ಅಣ್ಣ… ನನಗ… ಕಿತ್ತಳಿ ಕೊಟ್ಟ."

ಅಪ್ಪ ಕೆಮ್ಮಿದರು. "ಇರ್ಲಿ ಬಿಡು, ನಾಳೆ ಏನರ ಮಾಡೇ ಮಾಡ್ತಾನ."

೨. ಹಿಂದೆ ಅಣ್ಣ

ಇದು ಬರೋಬರ್ ಅಲ್ಲ ಅಂತ ತಂಗಿಯನ್ನು ಕೂರಿಸಿಕೊಂಡೆ. ನನ್ನ ಹೆಸರು ಕಡೀಕ, ಮಾತಿನ ಕೊನೆಗೆ, ಹೇಳಿದರೆ ಒಂದು ಕಿತ್ತಳೆ ತೊಳೆ. ಮಧ್ಯಾಹ್ನದೊಳಗೆ ಕಲಿತುಬಿಟ್ಟಳು! "ಬೆಲ್ಲ ತಿಂದ" ಅನ್ನುವಾಗ ನಾನು ಬಾಗಿಲಲ್ಲಿ, "ಅಣ್ಣ" ಅನ್ನುವಾಗ ಕಂಪೌಂಡಿನ ಆಚೆ.

ಮರುದಿನ ಅವ್ವನ ಮುಂದೆ ಹೇಳಿದಳು: "ಕಿತ್ತಳಿ ಕೊಟ್ಟು ಹೀಂಗ ಹೇಳಂದ… ಅಣ್ಣ."

೩. ಒಡಪು

ಸಂಕ್ರಾಂತಿಯ ಅರಿಷಿಣ-ಕುಂಕುಮ. ಅದೇ ಬೆಳಿಗ್ಗೆ ಅಪ್ಪನ ಚಾಳೀಸು, ಓದುವ ಕನ್ನಡಕ, ಮುರಿದಿತ್ತು. "ಇವನೇ ಮುರದಿದ್ರ ಇವತ್ತ ಖಾಪರಖೇಡಾಕ್ಕ ಕಾಕಾನ ಹಂತೇಕ ಕಳಸ್ತೀನಿ, ಕಲ್ಲಿದ್ದಲು ಹೊರ್ಲಿ" ಅಂದಿದ್ದರು. ದೇವರಾಣೆ, ಅದು ಮಾತ್ರ ನಾನಲ್ಲ.

ಸಂಜೆ ಹೆಂಗಸರು ಒಬ್ಬೊಬ್ಬರಾಗಿ ಒಡಪು ಹೇಳಿದರು. ಗಂಡನ ಹೆಸರು ಸುಮ್ಮನೆ ಹೇಳುವಂತಿಲ್ಲವಲ್ಲ. ಒಂದು ಪದ ಕಟ್ಟಿ, ತಡೆದು, ನಾಚಿ, ಕೊನೆಗೆ ಹೆಸರು. ತಂಗಿ ಕಣ್ಣು ಪಿಳುಕಿಸದೆ ನೋಡಿದಳು. ಅಷ್ಟರಲ್ಲಿ ಅಪ್ಪ ಬಾಗಿಲಿಗೆ ಬಂದು, "ಪುಟ್ಟೀ, ಚಾಳೀಸು ಮುರದವರು ಯಾರು?" ಅಂದರು.

ಅವಳು ಎದ್ದು, ಅವ್ವನ ಸೆರಗು ತಲೆಗೆಳೆದುಕೊಂಡಳು. "ಚಾಳೀಸಿನ ಮ್ಯಾಲ… ಧಪ್ ಅಂತ ಕೂತು… ಮುರದವರು…" ಅಷ್ಟೇ. ಮುಖ ಮುಚ್ಚಿಕೊಂಡಳು.

"ಹೇಳ ಬೇ, ನಾಚಬ್ಯಾಡ!" ಅಂದರು ಹೆಂಗಸರು.

ಪಕ್ಕದ ಮರಾಠಿ ಮಾವಶಿ, "ಸಾಂಗ್ ಸಾಂಗ್!"

ತಂಗಿ ಬೆರಳ ಸಂದಿಯಿಂದ ನನ್ನನ್ನೇ ನೋಡಿದಳು. ನನಗೆ ತಡೆಯಲಾಗಲಿಲ್ಲ. "ಬೆಲ್ಲದ ಡಬ್ಬಿ ಖಾಲಿ ಮಾಡಿದವ ನಾನು! ಅಪ್ಪನ ಸೈಕಲ್ ಗಾಳಿ ಬಿಟ್ಟವನೂ ನಾನು! ಚಾಳೀಸು ಮಾತ್ರ ನಾನಲ್ಲ!"

ತಂಗಿ ನಿಧಾನವಾಗಿ ಸೆರಗು ಸರಿಸಿದಳು.

"…ಅಪ್ಪ."

ಹೆಂಗಸರ ನಗುವಿನಲ್ಲಿ ಖಾಪರಖೇಡಾ ಕೊಚ್ಚಿಹೋಯಿತು. ಯಾವ ಫೌಜದಾರ ಇಷ್ಟು ಜಲ್ದಿ ತಪ್ಪು ಒಪ್ಪಿಸ್ಯಾನು? ಅದೂ ಬರೀ ಸುಮ್ಮನೆ ನಿಂತು!

ಅಪ್ಪ ಮಾತ್ರ ನಗದೆ ನನ್ನ ಕಡೆ ತಿರುಗಿದರು. "ಚಾಳೀಸಿಂದು ಮುಗೀತು. ಈಗ ಸೈಕಲ್ಲಿಂದು ನೀ ಹೇಳು" ಅಂದರು. "ಸಾವಕಾಶ ಹೇಳು. ಹೆಸರು ಕಡೀಕ ಬಂದ್ರೂ ನಡೀತದ."