ಮಾವನವರ ಬಂದೂಕಿನ ಚೌಕಶಿ

ಸರಕಾರಕ್ಕೆ ಅರ್ಜಿ ಬರೆಯುವುದರಲ್ಲಿ ಬೆಳಗಾವಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ನಾನು ವಕೀಲರೊಬ್ಬರ ಬಳಿ ಕಾರಕೂನ. ವಡಗಾವಿಯ ನಮ್ಮ ಓಣಿಯಲ್ಲಿ ಮಗ್ಗ ನಿಲ್ಲಿಸಿ ನನ್ನ ಅರ್ಜಿಗಳನ್ನು ಓದಿಸಿ ಕೇಳುವವರಿದ್ದರು. ಅವರಿಗೆ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ, ಆದರೂ ತಲೆದೂಗುತ್ತಿದ್ದರು. ನನಗೆ ಅಷ್ಟು ಸಾಕಾಗಿತ್ತು.

ಆ ವರ್ಷ ಸುಗ್ಗಿ ಮುಗಿದ ಮೇಲೆ ಹೆಂಡತಿ ಗಂಗವ್ವ ತವರಿಗೆ ಹೋಗಿಬಂದಳು. ಅವಳ ತವರು ಖಾನಾಪುರದಾಚೆ, ಕಾಡಿನ ಅಂಚಿನ ಒಂದು ಹಳ್ಳಿ. ಬಂದವಳು ಸಪ್ಪೆ ಮೋರೆ ಹಾಕಿಕೊಂಡು ಕುಳಿತಳು.

"ಅಪ್ಪಗ ಕೆಮ್ಮು ಹತ್ತೇತ್ರಿ. ಈ ಸಲಾನೂ ಭತ್ತ ಕೊಯ್ಯೂ ತನಕ ಹೊಲದಾಗ, ಅಟ್ಟದ ಮ್ಯಾಲೆ ಮಲಗ್ಯಾನ. ಮೈಮ್ಯಾಲೆ ಮಂಜು ಬಿದ್ದು ಬಿದ್ದು ಎದಿ ಕಟ್ಟೇತಿ."

ಕಾರಣ ಕಾಡುಹಂದಿ. ತೆನೆ ಬಲಿತಿತೆಂದರೆ ಅವು ಹಿಂಡುಗಟ್ಟಿ ಗದ್ದೆಗೆ ನುಗ್ಗುತ್ತಿದ್ದವು. ನನ್ನ ಮಾವ ಸಿದ್ದಪ್ಪನವರು ಅಟ್ಟದ ಮೇಲೆ ಕುಳಿತು ಘಾಸಲೇಟ್ ಎಣ್ಣೆಯ ಖಾಲಿ ಡಬ್ಬ ಬಡಿದು, ಕೂಗಿ ಓಡಿಸುತ್ತಿದ್ದರು. ಮಗ ಬಸವಣ್ಣಿ ತಾನು ಹೋಗುತ್ತೇನೆಂದರೆ ಬಿಡುತ್ತಿರಲಿಲ್ಲ. "ಹಂದಿಗೆ ನನ್ನ ದನಿ ಗುರ್ತ ಐತಿ. ನೀ ಒದರಿದ್ರ ಅವು ಕೇಳೂದಿಲ್ಲ" ಎನ್ನುತ್ತಿದ್ದರು.

"ಒಂದು ಬಂದೂಕ ಇದ್ರ ಹೊತ್ತು ಮುಳಗೂದರಾಗ ಒಂದು ಈಡು ಹಾರಿಸಿ ಅಪ್ಪ ಮನಿಗೆ ಬಂದು ಮಲಗಬಹುದಿತ್ತು" ಎಂದಳು ಗಂಗವ್ವ.

"ಅದಕ್ಯಾಕ ಇಷ್ಟು ಚಿಂತಿ? ಒಂದು ಅರ್ಜಿ ಒಗದ್ರ ಆತು. ಮಳಿ ಹಿಡಿಯೂದರಾಗ ಪರವಾನಗಿ ಕೈಯಾಗ ಇರತೈತಿ" ಎಂದೆ ನಾನು.

ಅವಳು ನನ್ನನ್ನು ನಂಬಿದಳು. ಇಂದಿಗೂ ನನಗೆ ಚುಚ್ಚುವುದು ಅದೇ.

ಅರ್ಜಿ ಬರೆದೆ. ವರಾಹಗಳ ಉಪಟಳವನ್ನು ಎಷ್ಟು ಭೀಕರವಾಗಿ ವರ್ಣಿಸಿದೆನೆಂದರೆ, ಓದಿದ ಕಲೆಕ್ಟರ ಸಾಹೇಬರು ಬಂದೂಕಿಗೆ ಬದಲು ತೋಪು ಕಳಿಸಿಬಿಟ್ಟಾರೆಂದು ಹೆದರಿದೆ. ಏನೂ ಬರಲಿಲ್ಲ. ಬಂದೂಕು ಕೇಳಿದವನು ಎಂಥವನು, ಅವನ ನಡತೆ ಹೇಗೆ ಎಂದು ಪೊಲೀಸರು ಊರಲ್ಲಿ ಚೌಕಶಿ ಮಾಡಬೇಕಂತೆ. ಮಾಡಲಿ, ನನ್ನ ಮಾವನ ನಡತೆಗೆ ಹೆಸರಿಡುವವರು ಯಾರು ಎಂದು ನಾನು ನಿಶ್ಚಿಂತನಾದೆ.

ಮಾಮಲೇದಾರರ ಕಚೇರಿಯಿಂದ ಉತ್ತರ ಬಂದಾಗ ಬೇಸಿಗೆ ಮುಗಿಯುತ್ತ ಬಂದಿತ್ತು. ಒಂದೇ ಸಾಲು: ಸದರಿ ಹೆಸರಿನ ವ್ಯಕ್ತಿ ಸದರಿ ಗ್ರಾಮದಲ್ಲಿ ಇಲ್ಲ.

ನಾನು ರೈಲು ಹತ್ತಿ ಖಾನಾಪುರಕ್ಕೆ, ಅಲ್ಲಿಂದ ಮಾವನವರ ಹಳ್ಳಿಗೆ ಓಡಿದೆ. ವಿಷಯ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಅದೇ ಆಗ ಬೆಳಗಾವಿಯ ಹತ್ತಿರ ಹಿಂಡಲಗಾದಲ್ಲಿ ಹೊಸ ಜೈಲು ಕಟ್ಟಿದ್ದರು. ಹೊಸ ಜೈಲು ಕಟ್ಟಿದ ಸರಕಾರ ಅದನ್ನು ಖಾಲಿ ಬಿಟ್ಟೀತೇ ಎಂಬುದು ಹಳ್ಳಿಯ ತರ್ಕ. ಪೊಲೀಸ ಬಂದು ಯಾರ ಹೆಸರು ಕೇಳಿದರೂ ಅಂಥವರಿಲ್ಲ ಎನ್ನಬೇಕೆಂದು ಊರೆಲ್ಲ ಮಾತಾಡಿಕೊಂಡಿತ್ತು. ಅಂದು ಕಟ್ಟೆಯ ಮೇಲೆ ಕುಳಿತಿದ್ದವಳು ಪಕ್ಕದ ಮನೆಯ ಲಗಮವ್ವ. ಮಾವನವರನ್ನು ಅಣ್ಣ ಎಂದು ಕರೆಯುವ ಮುದುಕಿ.

"ಇಲ್ಲಿ ಅಂಥವರು ಯಾರೂ ಇಲ್ರಿ ಅಂತ ಹೇಳಿ ಕಳಿಸೇನಿ" ಎಂದಳು ಹೆಮ್ಮೆಯಿಂದ. "ನಾ ಇರೂ ತನಕ ಅಣ್ಣನ ಯಾರ ಒಯ್ತಾರ ನೋಡೂಣು."

"ನೀವು ಎಲ್ಲಿದ್ರಿ ಆವಾಗ?" ಎಂದು ಮಾವನವರನ್ನು ಕೇಳಿದೆ.

"ಅಲ್ಲೇ ನಿಂತಿದ್ನೆಪಾ, ಹುಲ್ಲಿನ ಹೊರಿ ಹೊತ್ಕೊಂಡು."

"ಮತ್ತ ನಾನ ಸಿದ್ದಪ್ಪ ಅನಬಾರದಿತ್ತೇನ್ರಿ?"

"ಆಕಿ ಇಲ್ಲ ಅಂದ ಮ್ಯಾಲೆ ನಾ ಅದೀನಿ ಅಂತ ಹೆಂಗ ಹೇಳ್ಲಿ, ಅಳಿಯಂದ್ರ? ನಾಕು ಮಂದ್ಯಾಗ ಹೆಣಮಗಳ ಮಾತು ಸುಳ್ಳಾಗತಿತ್ತು. ಪಾಪ, ಆ ಪೊಲೀಸಪ್ಪಗ ಬಿಸಲಾಗ ದಾರಿ ತಿಳೀಲಿಲ್ಲ. ನಾನ ಊರ ಹೊರಗಿನ ತನಕ ಕಳಿಸಿ ಬಂದೆ."

ತನ್ನನ್ನು ಹುಡುಕಿ ಬಂದವನನ್ನು ತಾನೇ ದಾರಿಗೆ ಹಚ್ಚಿ ಬಂದ ಪುಣ್ಯಾತ್ಮರು. ನಾನು ಎರಡನೆಯ ಅರ್ಜಿ ಬರೆದೆ. ಸದರಿ ಸಿದ್ದಪ್ಪನವರು ಜೀವಂತವಾಗಿರುವುದನ್ನೂ, ರೊಟ್ಟಿ ತಿನ್ನುವುದನ್ನೂ ನಾನು ಕಣ್ಣಾರೆ ಕಂಡಿದ್ದೇನೆಂದೂ, ಹಿಂದಿನ ವರದಿ ಶುದ್ಧ ಸುಳ್ಳೆಂದೂ ಖಂಡಿಸಿದೆ. ಬರೀ ಖಂಡಿಸಿ ಬಿಟ್ಟಿದ್ದರೆ ಚೆನ್ನಾಗಿತ್ತು. ಊರವರನ್ನು ಕಟ್ಟೆಯ ಮೇಲೆ ಕೂಡಿಸಿ ಪಾಠವನ್ನೂ ಹೇಳಿದೆ: ಮುಂದಿನ ಸಲ ಪೊಲೀಸ ಬಂದರೆ ಮುಚ್ಚಿಡಬೇಡಿ, ಮಾವನವರನ್ನು ಬಾಯ್ತುಂಬ ಹೊಗಳಿರಿ.

ಹೊಗಳಿದರು. ಹೊಸ ಹವಾಲ್ದಾರ ಬಂದಾಗ ಮುಂದೆ ನಿಂತವಳು ಮತ್ತೆ ಲಗಮವ್ವನೇ.

"ನಮ್ಮಣ್ಣ ಹುಲಿ ಇದ್ದಾಂಗ ಅದಾನ್ರಿ. ಅವ ಒಂದು ಮಾತು ಅಂದ್ರ ಇಡೀ ಊರು ಬಡಿಗಿ ಹಿಡಕೊಂಡು ಎದ್ದು ನಿಲ್ಲತೈತಿ. ಯಾರಿಗೂ ಅಂಜೂ ಮನಶ್ಯಾ ಅಲ್ಲ. ಸರಕಾರಕ್ಕೂ ಅಂಜೂದಿಲ್ರಿ."

ವರದಿ ಹೋಯಿತು: ಅರ್ಜಿದಾರ ಜನರನ್ನು ಎಬ್ಬಿಸಬಲ್ಲ ಪುಢಾರಿ, ಬಂದೂಕು ಕೊಡುವ ಮೊದಲು ಹೆಚ್ಚಿನ ಚೌಕಶಿ ಅವಶ್ಯ. ಗಣಪತಿಯನ್ನು ಮಾಡಲು ಹೋಗಿ ನಾನು ಅವರಪ್ಪನನ್ನು ಮಾಡಿದ್ದೆ. ಎದುರಿಗೆ ಬಂದ ಎತ್ತಿಗೂ ಬದಿಗೆ ಸರಿದು ದಾರಿ ಬಿಡುವ ನನ್ನ ಮಾವ ಸರಕಾರದ ಕಣ್ಣಿಗೆ ಬಂಡಾಯಗಾರರಾದರು.

ಅಷ್ಟರಲ್ಲಿ ಮಳೆ ಸುರಿದು, ನಾಟಿ ಮುಗಿದು, ಭತ್ತ ಹೊಡೆಯೊಡೆದು ತೆನೆ ಬಿಡುತ್ತಿತ್ತು. ಬೆಳಗಾವಿಯಲ್ಲಿ ಗಂಗವ್ವ ದಿನಾ ಕೇಳುತ್ತಿದ್ದಳು. "ಬಂತೇನ್ರಿ?" "ಬರತೈತಿ" ಎನ್ನುತ್ತಿದ್ದೆ. ಒಂದು ದಿನ ಕೇಳುವುದನ್ನೇ ಬಿಟ್ಟಳು.

ಖಾನಾಪುರ ಪೊಲೀಸ ಠಾಣೆಯ ಫೌಜದಾರರು ಅರ್ಜಿದಾರನನ್ನು ತಾವೇ ನೋಡಬೇಕೆಂದರು. ನಾನು ಮಾವನವರನ್ನು ಬಂಡಿಯಲ್ಲಿ ಕರೆದುಕೊಂಡು ಹೋದೆ. ಈ ಸಲ ಮಾತು ಕಲಿಸಲಿಲ್ಲ. ಅಷ್ಟು ಬುದ್ಧಿ ಬಂದಿತ್ತು. ಕೆಮ್ಮು ನಿಲ್ಲಲೆಂದು ಅವರು ದಾರಿಯುದ್ದಕ್ಕೂ ಬಾಯಲ್ಲಿ ಜೇಷ್ಠಮಧು ಇಟ್ಟುಕೊಂಡಿದ್ದರು.

"ಬಂದೂಕು ಯಾಕ ಬೇಕಪಾ, ಅಜ್ಜಾ?" ಎಂದರು ಫೌಜದಾರರು.

"ಹಂದಿ ಓಡಸಾಕ್ರಿ."

"ಹೊಡದು ಕೊಲ್ಲತೀಯೇನು?"

"ಛೇ, ಇಲ್ರಿ ಸಾಹೇಬ್ರ. ಅವೂ ಮರಿ ಕಟಗೊಂಡು ಬರತಾವು. ಬರೇ ಸಪ್ಪಳ ಆದ್ರ ಸಾಕ್ರಿ."

"ಸಪ್ಪಳಕ್ಕ ಡಬ್ಬ ಐತೆಲ್ಲ?"

ಮಾವನವರು ವಿಚಾರ ಮಾಡಿದರು. ಸುಳ್ಳು ಹೇಳಿ ಅವರಿಗೆ ರೂಢಿಯಿರಲಿಲ್ಲ. "ಐತ್ರಿ," ಎಂದರು. "ಡಬ್ಬ ಛಲೋ ಐತಿ. ನನಗ ಶಕ್ತಿ ಇಲ್ರಿ."

ನಾನು ಹಣೆ ಚಚ್ಚಿಕೊಂಡೆ. ಫೌಜದಾರರು ಮಾತ್ರ ನಗಲಿಲ್ಲ. ಒಳ್ಳೆಯ ಅಭಿಪ್ರಾಯ ಬರೆಯುತ್ತೇನೆಂದರು, ಬರೆದರು ಕೂಡ. ಆದರೆ ಕಾಗದ ಮತ್ತೆ ಬೆಳಗಾವಿಗೆ ಹೋಗಬೇಕು. ಸಾಹೇಬರು ಹಳ್ಳಿ ಸುತ್ತುವ ದೌರೆಯಲ್ಲಿದ್ದರು. ದೌರೆ ಮುಗಿಸಿ ಬಂದ ಮೇಲೆ ಹಳೆಯ ವರದಿಗೂ ಹೊಸ ವರದಿಗೂ ತಾಳೆಯಾಗಲಿಲ್ಲವಂತೆ. ಇಲ್ಲದ ಮನುಷ್ಯ, ಊರೆಬ್ಬಿಸುವ ಮನುಷ್ಯ, ಹಂದಿಮರಿಗೆ ಮರುಗುವ ಮನುಷ್ಯ, ಈ ಮೂವರಲ್ಲಿ ಬಂದೂಕು ಯಾರಿಗೆ ಎಂದು ಅವರು ಕೇಳಿದ್ದರಲ್ಲಿ ತಪ್ಪೇನಿತ್ತು? ನಡುವಿನವನನ್ನು ಹುಟ್ಟಿಸಿದ್ದು ನನ್ನ ಜಾಣತನ.

ಭತ್ತ ಹಣ್ಣಾಯಿತು. ಮಾವನವರು ಕಂಬಳಿ ಹೊದ್ದು, ಡಬ್ಬ ಹಿಡಿದು ಅಟ್ಟ ಹತ್ತಿದರು. ಅತ್ತೆ ಬೇಡವೆಂದು ಅತ್ತರಂತೆ. "ಅಳಿಯಂದ್ರು ಬಂದೂಕ ಕಳಸ್ತಾರ. ಅಲ್ಲೀ ತನಕ ಅಷ್ಟ" ಎಂದರಂತೆ ಮಾವನವರು. ಮೊದಲು ಚಳಿಜ್ವರ ಬಂತು. ಆಮೇಲೆ ಎದೆ ಹಿಡಿಯಿತು. ಗಂಗವ್ವ, ನಾನು ಹೋಗಿ ಮುಟ್ಟಿದಾಗ ಮಾತು ನಿಂತಿತ್ತು. ನನ್ನ ಕಡೆ ನೋಡಿದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆದರೆ ಅವರು ಕಣ್ಣಲ್ಲೇ ಕುಳಿತುಕೊಳ್ಳುವಂತೆ ಹೇಳಿದರು, ನೆಂಟನಿಗೆ ಹೇಳುವಂತೆ.

ಮಾವನವರಿಗೆ ಮಣ್ಣು ಕೊಟ್ಟಿದ್ದೆವು. ದುಃಖ ಕಳೆದು ಮನೆಯಲ್ಲಿ ಇನ್ನೂ ಒಲೆಯ ಮೇಲೆ ಸಿಹಿ ಏರಿರಲಿಲ್ಲ. ಪೊಲೀಸನೊಬ್ಬ ಬಂದ. ಬಿಸಿಲಲ್ಲಿ ದಾರಿ ತಿಳಿಯದೆ ನಿಂತಿದ್ದನಲ್ಲ, ಮೊದಲ ಸಲದವನು, ಅವನೇ. ಕೈಯಲ್ಲಿ ಲಕೋಟೆ ಇತ್ತು.

"ಪರವಾನಗಿ ಮಂಜೂರಾಗೇತಿ. ಸಿದ್ದಪ್ಪ ಅನ್ನವರು ಎಲ್ಲದಾರ್ರಿ? ಅವರ ಕೈಯಾಗ ಕೊಡಬೇಕು."

ಲಗಮವ್ವ ಕಟ್ಟೆಯ ಮೇಲಿದ್ದಳು. ಯಾವಾಗಲೂ ಮುಂದೆ ನಿಂತು ಮಾತಾಡುವವಳು ಸೆರಗು ಬಾಯಿಗೆ ಒತ್ತಿ ಮೋರೆ ತಿರುವಿದಳು. ಊರವರೆಲ್ಲ ನನ್ನನ್ನೇ ನೋಡಿದರು. ಅರ್ಜಿ ಬರೆದವನು ನಾನಲ್ಲವೇ? ಹೇಳಬೇಕಾದವನೂ ನಾನೇ.

"ಇಲ್ಲಿ ಅಂಥವರು ಯಾರೂ ಇಲ್ರಿ" ಎಂದೆ.

ಪೊಲೀಸ ಗೊಂದಲದಿಂದ ನೋಡಿದ. "ಹಿಂದಕ ನಾ ಹಂಗ ಬರದಿದ್ದಕ್ಕ ಸುಳ್ಳಂತ ಅರ್ಜಿ ಹಾಕಿದ್ರೆಲ್ಲ, ನನಗ ಮಂದ್ಯಾಗ ಬೈಸಿದ್ರಿ" ಎನ್ನುತ್ತ ಬಾಗಿಲ ಕಡೆ ತಿರುಗಿದ. ಅಲ್ಲಿ ಅತ್ತೆಯ ಬರಿ ಹಣೆ ಕಂಡಿತು. ಟೊಪ್ಪಿಗೆ ತೆಗೆದು, ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡು ಹೋದ. ಈ ಸಲ ಅವನಿಗೆ ದಾರಿ ತೋರಿಸಲು ಯಾರೂ ಏಳಲಿಲ್ಲ.

ಭತ್ತ ಇನ್ನೂ ಕೊಯ್ಲಾಗಿರಲಿಲ್ಲ. ಅಂದು ಸಂಜೆ ಬಸವಣ್ಣಿಗೆ ಬೇಡವೆಂದು ಹೇಳಿ ನಾನೇ ಅಟ್ಟ ಹತ್ತಿದೆ. ಕಂಬಳಿಯಲ್ಲಿ ಇನ್ನೂ ಜೇಷ್ಠಮಧುವಿನ ವಾಸನೆಯಿತ್ತು. ಹೊತ್ತು ಮುಳುಗುವಾಗ ಕಾಡಿನ ಅಂಚಿನಿಂದ ಹಂದಿಗಳು ಬಂದವು. ಮರಿಗಳೂ ಇದ್ದವು. ಡಬ್ಬ ಬಡಿದೆ. ಇದ್ದಬದ್ದ ದನಿಯೆಲ್ಲ ಕೂಡಿಸಿ ಕೂಗಿದೆ, ಅಳುತ್ತ ಮತ್ತೆ ಕೂಗಿದೆ.

ಅವು ಒಮ್ಮೆ ತಲೆಯೆತ್ತಿ ನೋಡಿದವು. ನಾನು ಎಂಥವನೆಂದು ತಿಳಿಯಲು ಅವಕ್ಕೆ ಅರ್ಜಿ ಬೇಕಾಗಲಿಲ್ಲ, ವರದಿಯೂ ಬೇಕಾಗಲಿಲ್ಲ. ನಿಂತಲ್ಲೇ ನನ್ನ ಚೌಕಶಿ ಮುಗಿಸಿ, ತಲೆ ತಗ್ಗಿಸಿ ಮತ್ತೆ ತಿನ್ನತೊಡಗಿದವು.