ಮೂರು ರಿಪೇರಿ, ಮರುಮಾತಿಲ್ಲ

ಶನಿವಾರ ಬೆಳಗಿನ ಕಾಫಿಯ ಹೊತ್ತಿಗೆ ಬಾಮೈದ ವೈಕ್ಕೊ ಕೇಳಿದ ಒಂದೇ ಒಂದು ಪ್ರಶ್ನೆಯಿಂದ ಓಸ್ಮೊನ ಗ್ರಹಚಾರ ಶುರುವಾಯಿತು.

"ತೊಂಬತ್ತು ಸಾವಿರ ಜನ ನೋಡ್ತಾರೆ ಅಂತೀಯಲ್ಲ ಭಾವ, ಅದರಲ್ಲಿ ದುಡ್ಡು ಕೊಟ್ಟವರು ಎಷ್ಟು ಜನ?"

ಏಲಕ್ಕಿ ಬನ್ನನ್ನು ಕಾಫಿಯಲ್ಲಿ ಅದ್ದಿದ ಓಸ್ಮೊ ಅದನ್ನು ಮೇಲೆತ್ತುವುದನ್ನೇ ಮರೆತ. ಬನ್ನು ಕರಗಿ ತಳ ಸೇರಿತು.

ಥಂಡರ್ ಬೇ ಊರಿನ ಕಾಗದದ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಯಂತ್ರ ಬಿಚ್ಚಿ ಜೋಡಿಸಿದ ಮನುಷ್ಯ ಅವನು. ಕೆಲಸ ಹೋದ ದಿನವೇ, ಇನ್ನು ಯಾರ ಸೈರನ್ನಿಗೂ ಏಳುವವನಲ್ಲ, ಯಾರ ಮುಂದೂ ಕೈಕಟ್ಟಿ ನಿಲ್ಲುವವನಲ್ಲ ಎಂದು ಶಪಥ ಮಾಡಿದ್ದ. ಅಂದಿನಿಂದ ಗ್ಯಾರೇಜಿನಲ್ಲಿ ಮುರುಕು ಕುರ್ಚಿಗಳನ್ನು ರಿಪೇರಿ ಮಾಡುತ್ತ, ಅದನ್ನು ಫೋನಿನಲ್ಲಿ ಹಿಡಿದು ಇಂಟರ್ನೆಟ್ಟಿಗೆ ಹಾಕುತ್ತ ನಾಲ್ಕು ವರ್ಷ ಕಳೆದಿದ್ದ. ಜನ ಮುಗಿಬಿದ್ದು ನೋಡುತ್ತಿದ್ದರು. ಒಂದು ಕುರ್ಚಿಯ ಕಾಲು ನೆಟ್ಟಗಾದರೆ ಸಾಕು, ಕೆಂಪು ಹೃದಯದ ಚಿತ್ರಗಳು ದಬದಬನೆ ಸುರಿಯುತ್ತಿದ್ದವು. ಪರದೆಯ ಕೆಳಗೆ 'ನನ್ನಿಂದ ನೇರ ಪಾಠ, ನಲವತ್ತು ಡಾಲರ್' ಎಂಬ ಗುಂಡಿಯೂ ಇತ್ತು. ಅದನ್ನು ಒತ್ತುವ ಪುಣ್ಯಾತ್ಮ ಮಾತ್ರ ಇನ್ನೂ ಹುಟ್ಟಿರಲಿಲ್ಲ.

"ಬರ್ತಾರೆ," ಎಂದ ಓಸ್ಮೊ.

"ನಾಲ್ಕು ವರ್ಷದಿಂದ ಬರ್ತಾನೇ ಇದ್ದಾರೆ. ನಡ್ಕೊಂಡು ಬರ್ತಿದ್ದಾರಾ?"

ವೈಕ್ಕೊನದು ಹಾರ್ಡ್‌ವೇರ್ ಅಂಗಡಿ. ಅವನ ಅಕ್ಕ, ಅಂದರೆ ಓಸ್ಮೊನ ಹೆಂಡತಿ ಲೆಂಪಿ, ಅಲ್ಲೇ ಕೆಂಪು ಏಪ್ರನ್ ಕಟ್ಟಿಕೊಂಡು ಗಲ್ಲಾದಲ್ಲಿ ನಿಲ್ಲುತ್ತಿದ್ದಳು. ಮನೆಯ ಒಲೆ ಉರಿಯುತ್ತಿದ್ದುದು ಅವಳ ಸಂಬಳದಲ್ಲಿ.

"ನೀನೂ ಬಂದು ಅಕ್ಕನ ಪಕ್ಕ ನಿಂತ್ಕೊ ಭಾವ. ಮರ್ಯಾದೆಯಾಗಿ ಸಂಬಳ ಕೊಡ್ತೀನಿ."

"ಆ ಕೆಂಪು ಏಪ್ರನ್ ಕಟ್ಕೊಂಡು ಮೊಳೆ ತೂಗೋ ಬದಲು ಸರೋವರಕ್ಕೆ ಹಾರ್ತೀನಿ."

"ಸರೋವರ ಇನ್ನೂ ಹೆಪ್ಪುಗಟ್ಟಿದೆ. ಮೊದ್ಲು ತೂತು ಕೊರೀಬೇಕು," ಎಂದಳು ಲೆಂಪಿ, ಹೆಣಿಗೆಯಿಂದ ತಲೆ ಎತ್ತದೆ.

ಓಸ್ಮೊನಿಗೆ ಮೈಯೆಲ್ಲ ಉರಿದುಹೋಯಿತು. ಮೇಜು ಗುದ್ದಿ ಹೇಳಿದ: "ಇವತ್ತು ಸಂಜೆ ಆರರೊಳಗೆ ಒಬ್ಬರು, ಒಬ್ಬರೇ ಒಬ್ಬರು ದುಡ್ಡು ಕೊಟ್ಟು ಬಂದ್ರೆ, ಏಪ್ರನ್ ಮಾತನ್ನ ನೀನು ಸಾಯೋ ತನಕ ಎತ್ತಬಾರದು."

"ಬರದಿದ್ರೆ?"

"ಸೋಮವಾರ ಬೆಳಿಗ್ಗೆ ಎಂಟಕ್ಕೆ ನಿನ್ನ ಗಲ್ಲಾದಲ್ಲಿರ್ತೀನಿ."

ಪಣದ ಸುದ್ದಿ ಬೇಲಿ ದಾಟಲು ಐದು ನಿಮಿಷವೂ ಹಿಡಿಯಲಿಲ್ಲ. ಪಕ್ಕದ ಮನೆಯ ಎಪ್ಪತ್ತೆಂಟರ ಮುದುಕಿ ಹಿಲ್ಕಾ ರಬ್ಬರ್ ಬೂಟು ಏರಿಸಿಕೊಂಡು ಹಿಮ ತುಳಿಯುತ್ತ ಗ್ಯಾರೇಜಿಗೆ ಬಂದೇಬಿಟ್ಟಳು. ಶಾಲೆಯ ಬಸ್ಸು ಓಡಿಸುವ ಎದುರುಮನೆಯ ಕ್ಲಾರೆನ್ಸ್ ತನ್ನ ನಾಯಿ ಮೇಜರ್ ಸಮೇತ ಬಂದ. ಕರೆದವರು ಯಾರೂ ಇಲ್ಲ. ಪುಕ್ಕಟೆ ಬುದ್ಧಿ ಹೇಳುವವರಿಗೆ ಕರೆಯೋಲೆ ಬೇರೆ ಬೇಕೇ?

"ನಿನ್ನ ಮುಖ ನೋಡಿ ಯಾರಪ್ಪಾ ದುಡ್ಡು ಕೊಡ್ತಾರೆ?" ಎಂದಳು ಹಿಲ್ಕಾ. "ಜಪ್ತಿಗೆ ಬಂದ ಅಮೀನನ ಹಾಗಿದೆ. ಒಂಚೂರು ನಗು ಮಗಾ."

ಓಸ್ಮೊ ಫೋನಿನ ಮುಂದೆ ನಿಂತು ನಕ್ಕ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನ ಹಲ್ಲು ಕಂಡ ಜನ ಗಾಬರಿಯಾದರು. ಮುನ್ನೂರು ಮಂದಿ ಹಲ್ಲುನೋವಿಗೆ ಮನೆಮದ್ದು ಬರೆದು ಕಳಿಸಿದರು. ಲವಂಗ, ಉಪ್ಪುನೀರು, ಒಬ್ಬನಂತೂ ಇಕ್ಕಳ. ಗುಂಡಿ ಒತ್ತಿದವರು ಯಾರೂ ಇಲ್ಲ.

"ನಗು ಅಲ್ಲ ಕಣಯ್ಯಾ, ನಾಯಿ ಬೇಕು," ಎಂದ ಕ್ಲಾರೆನ್ಸ್. "ನಾಯಿ ಕಂಡ್ರೆ ಜನ ಕರಗಿಹೋಗ್ತಾರೆ."

ಮೇಜರ್ ಫೋನಿನ ಮುಂದೆ ಒಂದು ನಿಮಿಷ ಸಭ್ಯವಾಗಿ ಕೂತಿತು. ಆಮೇಲೆ ಓಸ್ಮೊ ಹೊಸದಾಗಿ ಕಡೆದಿಟ್ಟಿದ್ದ ಕುರ್ಚಿಕಾಲನ್ನು ಬಾಯಲ್ಲಿ ಕಚ್ಚಿಕೊಂಡು ಹೊರಗೆ ಓಡಿತು. ಓಸ್ಮೊ ಅಂಟಿನ ಕುಂಚ ಹಿಡಿದೇ ಹಿಂದೆ ಓಡಿದ. ಮನೆಗೆ ಮೂರು ಪ್ರದಕ್ಷಿಣೆ ಆಯಿತು. ನಾಲ್ಕನೆಯದರಲ್ಲಿ ಸೊಂಟದವರೆಗೆ ಹಿಮದಲ್ಲಿ ಹೂತುಹೋದ. ಹಿಲ್ಕಾ ಕೈಕೊಟ್ಟು ಎಳೆಯುವ ಬದಲು ಫೋನು ಹಿಡಿದು ಎಲ್ಲವನ್ನೂ ಜನರಿಗೆ ತೋರಿಸುತ್ತಿದ್ದಳು. ನಲವತ್ತು ಸಾವಿರ ಮಂದಿ ನೋಡಿದರು. ನಾಯಿಯ ಹೆಸರೇನು ಎಂದು ಕೇಳಿದವರೇ ಎರಡು ಸಾವಿರ. ಗುಂಡಿಯ ಹತ್ತಿರ ಒಂದು ನರಪಿಳ್ಳೆಯೂ ಸುಳಿಯಲಿಲ್ಲ.

ಒದ್ದೆ ಪ್ಯಾಂಟಿನಲ್ಲಿ ನಡುಗುತ್ತ ಒಳಗೆ ಬಂದವನ ಎದುರಿಗೆ ಲೆಂಪಿ ನಿಂತಿದ್ದಳು.

"ಓಸ್ಮೊ, ಸೌನಾಗೆ ಒಲೆ ಹಚ್ಚಿದ್ದೀನಿ. ಬಾಗಿಲು ಜೋತುಬಿದ್ದಿದೆ. ಎಷ್ಟು ಸೌದೆ ಒಟ್ಟಿದ್ರೂ ಹಬೆಯೆಲ್ಲ ಹೊರಗೆ ಹೋಗ್ತಿದೆ."

"ಮಾನ ಹೋಗ್ತಿರೋವಾಗ ಹಬೆ ವಿಷಯ ತೆಗೀತೀಯಲ್ಲ. ಆಮೇಲೆ ನೋಡಣ."

ಶನಿವಾರ ಸಂಜೆ ಹಿತ್ತಲಿನ ಆ ಮರದ ಗೂಡಿನಲ್ಲಿ ನೆರೆಯವರೆಲ್ಲ ಕೂತು ಹಬೆಯಲ್ಲಿ ಮೈ ಕಾಯಿಸಿಕೊಳ್ಳುವುದು ಅಜ್ಜನ ಕಾಲದ ರೂಢಿ. ಲೆಂಪಿ ಅವನನ್ನು ಒಮ್ಮೆ ನೋಡಿದಳು. ಅಡುಗೆಮನೆಗೆ ಹೋದಳು.

ಗಂಟೆ ಐದಾಯಿತು. ಓಸ್ಮೊ ಫೋನಿನ ಮುಂದೆ ನೆಟ್ಟಗೆ ನಿಂತ.

"ಎಲ್ಲರೂ ಕೇಳಿ. ನಾಲ್ಕು ವರ್ಷದಿಂದ ಪುಕ್ಕಟೆ ನೋಡಿ ಕಣ್ಣು ತಂಪು ಮಾಡ್ಕೊಂಡಿದ್ದೀರಿ. ನಿಮ್ಮ ಹೃದಯ ಇಟ್ಕೊಂಡು ನಾನೇನು ಮಾಡ್ಲಿ? ಬೇಯಿಸಿದ್ರೆ ಸಾರೂ ಆಗಲ್ಲ. ಇನ್ಮೇಲೆ ನಾನು ನಗಲ್ಲ. ನಾಯಿ ತರಲ್ಲ. ದರ ಇಳಿಸಲ್ಲ, ಏರಿಸ್ತೀನಿ. ನೂರು ಡಾಲರ್. ಆದ್ರೆ ಕೊಟ್ಟವರ ಮೂರು ರಿಪೇರಿ ನನ್ನ ಹೆಗಲ ಮೇಲೆ. ಏನೇ ಕೇಳಿ, ಮುಗಿಯೋ ತನಕ ಬಿಡಲ್ಲ, ಎದುರು ಮಾತಾಡಲ್ಲ. ತಪ್ಪಿದ್ರೆ ಈ ಮುಖ ನಿಮಗೆ ಮತ್ತೆ ತೋರಿಸಲ್ಲ."

ಅಷ್ಟಕ್ಕೇ ಬಿಡಲಿಲ್ಲ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 'ಮೂರು ರಿಪೇರಿ, ಮರುಮಾತಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆದು ತಲೆಯ ಮೇಲೆ ತೂಗುಹಾಕಿದ.

ಆರಕ್ಕೆ ಹತ್ತು ನಿಮಿಷವಿತ್ತು. ವೈಕ್ಕೊ, ಹಿಲ್ಕಾ, ಕ್ಲಾರೆನ್ಸ್ ಮೂವರೂ ಹೆಗಲಿಗೆ ಟವೆಲು ಹಾಕಿಕೊಂಡು ಗ್ಯಾರೇಜಿನಲ್ಲಿ ಸೇರಿದರು. ವೈಕ್ಕೊ ಗಡಿಯಾರ ನೋಡಿದ, ಭಾವನ ಸೊಂಟ ನೋಡಿದ. "ಅಳತೆ ದೊಡ್ಡದೇ ಬೇಕಾಗುತ್ತೆ," ಎಂದ.

ಆಗ ಫೋನು ಟಣ್ ಎಂದಿತು.

ನೂರು ಡಾಲರ್ ಬಂದಿತ್ತು. ಕೊಟ್ಟವರ ಹೆಸರಿನ ಜಾಗದಲ್ಲಿ 'ಮೂರು ವರ್ಷದಿಂದ ಕಾದವಳು' ಎಂದಿತ್ತು.

"ನೋಡ್ಕೊ ವೈಕ್ಕೊ," ಎಂದ ಓಸ್ಮೊ. "ಮೂರು ವರ್ಷದಿಂದ ನನ್ನ ಪಾಠಕ್ಕೆ ಕಾದಿದ್ದಾಳೆ ಈ ಮಹಾತಾಯಿ. ನನ್ನ ಕೆಲಸಕ್ಕೆ ಬೆಲೆ ಇದೆ. ನಾನು ಹೇಳಿದ್ನೋ ಇಲ್ಲವೋ?"

ಎಲ್ಲರೂ ನೋಡುವಂತೆಯೇ ಅವಳ ವಿಡಿಯೊ ಕರೆ ತೆಗೆದುಕೊಂಡ. ಫೋನಿನಲ್ಲಿ ಅಡುಗೆಮನೆ ಕಂಡಿತು. ಕಿಟಕಿಗೆ ಹಳದಿ ಪರದೆ, ಹಿಡಿ ಕಿತ್ತುಹೋಗಿ ದಾರ ಕಟ್ಟಿದ್ದ ಡ್ರಾಯರು.

"ನಮ್ಮನೆ ಪರದೆ ಥರಾನೇ ಇದೆ," ಎಂದ ಓಸ್ಮೊ.

"ಪರದೆ ಹಾಗಿರಲಿ ಮಗಾ," ಎಂದಳು ಹಿಲ್ಕಾ, "ಹೆಂಗಸೂ ನಿನ್ನ ಹೆಂಡತಿ ಥರಾನೇ ಇದ್ದಾಳೆ."

ಲೆಂಪಿ ಕನ್ನಡಕ ಸರಿಮಾಡಿಕೊಂಡಳು. "ನನ್ನ ಮೊದಲನೇ ರಿಪೇರಿ ಸೌನಾ ಬಾಗಿಲು. ಎರಡನೇದು ಈ ಡ್ರಾಯರು. ಮೂರನೇದು ಆಮೇಲೆ ಹೇಳ್ತೀನಿ."

"ಲೆಂಪಿ, ಜನ ನೋಡ್ತಿದ್ದಾರೆ, ಇದೇನು ನಿಂದು..."

"ನಿನ್ನ ತಲೆ ಮೇಲೆ ಏನೋ ಬರೆದಿದೆಯಲ್ಲ, ಓದ್ಕೊ."

ವೈಕ್ಕೊ ನಡುವೆ ಬಾಯಿ ಹಾಕಿದ. "ಇದು ಮೋಸ ಅಕ್ಕಾ. ಮನೆಯವರ ದುಡ್ಡು ಲೆಕ್ಕಕ್ಕಿಲ್ಲ."

"ಯಾಕಿಲ್ಲ? ನಿನ್ನ ಅಂಗಡೀಲಿ ನಿಂತು ಕಾಲು ಊದಿಸ್ಕೊಂಡು ದುಡಿದ ದುಡ್ಡು ಕಣೋ. ಒಬ್ಬರು ಅಂದ್ರಿ. ಯಾರು ಅಂತ ಅಂದಿರಲಿಲ್ಲ."

ಓಸ್ಮೊ ಎದೆಯುಬ್ಬಿಸಿದ. ಹೆಂಡತಿಯಾದರೇನು, ಗಿರಾಕಿ ಗಿರಾಕಿಯೇ. ಉಪಕರಣದ ಪೆಟ್ಟಿಗೆ ಎತ್ತಿಕೊಂಡು ಹಿತ್ತಲಿಗೆ ನಡೆದ. ಫೋನು ಲೆಂಪಿಯ ಕೈಗೆ ಹೋಯಿತು. ಅವನು ಬಾಗಿಲ ಕೀಲು ಬದಲಿಸುತ್ತಿದ್ದರೆ, ಅವಳು ನೋಡುವವರಿಗೆ ನಿಧಾನವಾಗಿ ಹೇಳುತ್ತಿದ್ದಳು: "ಮೊದಲನೇ ವರ್ಷ ಪ್ರೀತಿಯಿಂದ ಕೇಳಿದೆ. ಎರಡನೇ ವರ್ಷ ಜಗಳ ಆಡಿದೆ. ಮೂರನೇ ವರ್ಷ ಸುಮ್ಮನಾದೆ. ಇವತ್ತು ಗಿರಾಕಿಯಾದೆ, ನೋಡಿ ಹೇಗೆ ಓಡಾಡ್ತಿದ್ದಾನೆ."

ಮೂರು ವರ್ಷ ಕಾದ ಬಾಗಿಲು ಇಪ್ಪತ್ತು ನಿಮಿಷದಲ್ಲಿ ನಿಂತಿತು. ಡ್ರಾಯರಿಗೆ ಹತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಫೋನು ಟಣ್ ಟಣ್ ಎನ್ನುತ್ತಲೇ ಇತ್ತು. ನೂರು ಡಾಲರ್ ಕೊಟ್ಟವರು ನಲವತ್ತೊಂದು ಜನ.

ಓಸ್ಮೊನ ಕಣ್ಣಲ್ಲಿ ನೀರು ಬಂತು. "ಆ ಏಪ್ರನ್ನನ್ನ ಸೌನಾ ಒಲೆಗೆ ಹಾಕು ವೈಕ್ಕೊ."

"ಸೋತೆ ಭಾವ," ಎಂದ ವೈಕ್ಕೊ.

ಹಿಲ್ಕಾ ಮಾತ್ರ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದಳು. "'ನಮ್ಮನೆಯವರು ಐದು ವರ್ಷದಿಂದ ಬಚ್ಚಲ ನಲ್ಲಿ ರಿಪೇರಿ ನಾಳೆ ನಾಳೆ ಅಂತಿದ್ದಾರೆ. ಮಾಡಿಸೋದು ಹೇಗೆ ಅಂತ ಲೆಂಪಿಯವರು ಹೇಳಿಕೊಡಬೇಕು.' ಇವಳೂ ಅದನ್ನೇ ಕೇಳ್ತಾಳೆ. ಇವಳೂ. ಇಲ್ಲೊಬ್ಬಳು ಬರೆದಿದ್ದಾಳೆ, 'ಲೆಂಪಿ ಮಾತ್ರ ಸಾಕು, ಕುರ್ಚಿಯವನು ಬೇಡ.'"

ನಲವತ್ತೊಂದೂ ಹಾಗೇ ಇದ್ದವು. ಲೆಂಪಿ ಒಂದೊಂದನ್ನೂ ಓದಿಸಿ ಕೇಳಿದಳು. ಆಮೇಲೆ ತಮ್ಮನ ಕಡೆ ತಿರುಗಿದಳು. "ಸೋಮವಾರದಿಂದ ನಾನು ಅಂಗಡಿಗೆ ಬರಲ್ಲ ಕಣೋ. ಇವರಿಗೆಲ್ಲ ಪಾಠ ಹೇಳ್ಬೇಕು."

"ಅಕ್ಕಾ, ಹಂಗಂದ್ರೆ ಹೆಂಗೆ? ಗಲ್ಲಾದಲ್ಲಿ ಯಾರು ನಿಲ್ತಾರೆ?"

"ಅದೇ," ಎಂದಳು ಲೆಂಪಿ, ಗಂಡನನ್ನು ನೋಡುತ್ತ. "ನನ್ನ ಮೂರನೇ ರಿಪೇರಿ ಬಾಕಿ ಇತ್ತಲ್ಲ."

ಓಸ್ಮೊ ಬಾಯಿ ತೆರೆದ. ಫೋನಿನಲ್ಲಿ ಹನ್ನೊಂದು ಸಾವಿರ ಜನ ಕಾಯುತ್ತಿದ್ದರು. ಬಾಯಿ ಮುಚ್ಚಿದ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಅವನು ವೈಕ್ಕೊನ ಗಲ್ಲಾದಲ್ಲಿದ್ದ. ಕೆಂಪು ಕಾಣಬಾರದೆಂದು ಏಪ್ರನ್ನನ್ನು ಒಳಗು ಹೊರಗಾಗಿ ತಿರುಗಿಸಿ ಕಟ್ಟಿದ್ದ. ನಗಬೇಕೆಂದು ವೈಕ್ಕೊ ಹೇಳಿದ್ದಕ್ಕೆ, ಅದು ಮೂರು ರಿಪೇರಿಯಲ್ಲಿ ಸೇರಿಲ್ಲ ಎಂದು ಮುಖ ಗಂಟಿಕ್ಕಿಕೊಂಡಿದ್ದ. ಒಬ್ಬ ಹೆಂಗಸು ಬಾಗಿಲ ಕೀಲು ಕೇಳಿಕೊಂಡು ಬಂದು, ಅವನನ್ನು ನೋಡಿ ಹಿಗ್ಗಿದಳು.

"ನೀವು ಕುರ್ಚಿ ಓಸ್ಮೊ ಅಲ್ವಾ? ನಾಲ್ಕು ವರ್ಷದಿಂದ ಒಂದೂ ಬಿಡದೆ ನೋಡ್ತೀನಿ."

"ದುಡ್ಡು ಕೊಟ್ಟಿದ್ದೀರಾ?"

"ಓ, ಕೊಟ್ಟೆ. ಶನಿವಾರ, ಲೆಂಪಿಯವರಿಗೆ. ಮೊದ್ಲು ಗಂಡನ ಕೈಗೆ ಕೀಲು ಕೊಡಿ, ಆಮೇಲೆ ಮಾತಾಡಿ ಅಂದ್ರು. ಇದ್ರಲ್ಲಿ ಯಾವ್ದು ಒಳ್ಳೇದು?"

ಓಸ್ಮೊ ಹಲ್ಲು ಕಚ್ಚಿದ. ಆದರೂ ತಡೆಯಲಾಗಲಿಲ್ಲ. ಯಾವ ಬಾಗಿಲಿಗೆ ಎಂಥ ಕೀಲು, ಎಷ್ಟುದ್ದದ ಸ್ಕ್ರೂ, ತೂತು ಎಲ್ಲಿ ಕೊರೆಯಬೇಕು, ಎಲ್ಲಿ ಕೊರೆಯಬಾರದು ಎಂದು ಕಾಲು ಗಂಟೆ ವಿವರಿಸಿದ. ಅವಳು ಎಲ್ಲ ಕೇಳಿಸಿಕೊಂಡು ಪರ್ಸು ತೆಗೆದಳು. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಓಸ್ಮೊನ ಅಭಿಮಾನಿಯೊಬ್ಬಳು ಅವನ ಕೈಗೆ ದುಡ್ಡು ಇಟ್ಟಳು. ಓಸ್ಮೊ ಅದನ್ನು ವೈಕ್ಕೊನ ಗಲ್ಲಾಪೆಟ್ಟಿಗೆಗೆ ಹಾಕಿ, ಅವಳಿಗೆ ಚಿಲ್ಲರೆ ಕೊಟ್ಟ.