ಮೊಯ್ದುವಿನ ತಂತಿ

ಅಗಸ್ಟಿನನ ಪಾಸ್‌ಪೋರ್ಟು ಫ್ರೆಂಚ್ ಯಜಮಾನಿಯ ಕಪಾಟಿನಲ್ಲಿತ್ತು. ರಗಳೆಗೆಲ್ಲ ಅದೇ ಮೂಲ.

ಕೊಲ್ಲಿ ದೇಶದ ಅದ್ಲಿಯಾ ಬಡಾವಣೆಯ ಆ ಮನೆಯಲ್ಲಿ ಒಂಬತ್ತು ವರ್ಷ ಅಡುಗೆ ಮಾಡಿ, ಬೈಗುಳ ತಿಂದು ತಿಂದೇ ಅವನು ಫ್ರೆಂಚ್ ಕಲಿತಿದ್ದ. ಕಳೆದ ಶುಕ್ರವಾರ ಊಟಕ್ಕೆ ಬಂದ ಬಿಳಿಗಡ್ಡದ ಅತಿಥಿಯೊಬ್ಬ, ಕೆನಡಾದ ಒಂದು ಊರಿನ ಸುದ್ದಿ ಹೇಳಿದ. ಸುತ್ತಲೂ ಇಂಗ್ಲಿಷು, ನಡುವೆ ಅದೊಂದೇ ಫ್ರೆಂಚ್ ಊರು. ಮಕ್ಕಳಿಲ್ಲದೆ ಶಾಲೆ ಮುಚ್ಚುವ ಹಾಗಾಗಿ, ಫ್ರೆಂಚ್ ಬಲ್ಲ ಸಂಸಾರಗಳನ್ನು ಹುಡುಕಿ ಕರೆಸುತ್ತಿದ್ದಾರಂತೆ. ಸಾರು ಬಡಿಸುತ್ತಿದ್ದ ಅಗಸ್ಟಿನನ ಕಿವಿ ನೆಟ್ಟಗಾಯಿತು. ಎರಡು ವರ್ಷಕ್ಕೊಮ್ಮೆ ಮುಖ ನೋಡುವ ಹೆಂಡತಿ ಜೂಲಿಯಾನಾ, ಮೂವರು ಮಕ್ಕಳು, ಎಲ್ಲರೂ ಒಂದೇ ಸೂರಿನಡಿ!

ಹೋಗಬಯಸುವವರಿಗೆ ಸಂದರ್ಶನ ಇವತ್ತು ನಾಲ್ಕಕ್ಕೆ, ಪೇಟೆಯ ಹೋಟೆಲಿನಲ್ಲಿ. ಪಾಸ್‌ಪೋರ್ಟು ತೋರಿಸಲೇಬೇಕು.

“ನಿಜ ಹೇಳಿಯೇ ಕೇಳ್ತೇನೆ,” ಎಂದ ಅಗಸ್ಟಿನ್.

“ನಿನ್ನ ತಲೆ ಸಮ ಉಂಟಾ ಮಾರಾಯ?” ಎಂದ ಪಕ್ಕದ ಅಂಗಡಿಯ ಮೊಯ್ದು. “ಅಡುಗೆಯವ ಬಿಟ್ಟು ಹೋಗ್ತಾನೆ ಅಂದ್ರೆ ಯಾವ ಮೇಡಂ ಪಾಸ್‌ಪೋರ್ಟ್ ಕೊಡ್ತಾಳೆ? ತಕೋ ಇದನ್ನು.”

ಹಳದಿಗಟ್ಟಿದ ತಂತಿ. ‘ತಾಯಿ ಸೀರಿಯಸ್. ಕೂಡಲೇ ಹೊರಡು.’ ಹೆಸರಿನ ಕಡೆ ಹರಿದಿತ್ತು.

“ಏಳು ಜನರ ತಾಯಂದಿರು ಇದರಲ್ಲೇ ಕಾಯಿಲೆ ಬಿದ್ದು ಎದ್ದಿದ್ದಾರೆ. ಒಬ್ಬಳೂ ಸತ್ತಿಲ್ಲ!”

“ಕಣ್ಣೀರು ಬೇಕಲ್ಲ?” ಎಂದು ಅಂಗಡಿಯ ಮೇಲಿನ ಕೋಣೆಯ ಗುಮಾಸ್ತ ಭುಜಂಗ ನೀರುಳ್ಳಿ ಹೆಚ್ಚಿ ಅಗಸ್ಟಿನನ ಮೂಗಿಗೇ ಹಿಡಿದ.

ಕಣ್ಣೀರು ಅಳತೆ ಮೀರಿ ಬಂತು. ತಂತಿ ನೋಡಿ ಯಜಮಾನಿಯೂ ಅತ್ತಳು, ಪಾಸ್‌ಪೋರ್ಟು ಕೈಗಿಟ್ಟಳು. ಇವನು ಬಾಗಿಲಿಗೆ ಹಾರುವಷ್ಟರಲ್ಲಿ ಒಳಗೆ ಹೋಗಿ ಎರಡು ಫೋನು ಮಾಡಿ ಬಂದಳು.

“ಮೂರೂವರೆಯ ಬೊಂಬಾಯಿ ವಿಮಾನಕ್ಕೆ ಟಿಕೇಟು ಮಾಡಿಸಿದೆ. ಕಾರು ಹತ್ತು.”

“ಟ್ಯಾಕ್ಸಿಯಲ್ಲಿ ಹೋಗ್ತೇನೆ ಮೇಡಂ!”

“ಇಂಥ ಹೊತ್ತಲ್ಲಿ ಒಬ್ಬನನ್ನೇ ಬಿಡ್ತೇನಾ?”

ಕಾರು ವಿಮಾನ ನಿಲ್ದಾಣದ ದಾರಿಯ ಮುಹರ್ರಕ್ ಸೇತುವೆ ಹಿಡಿದಾಗ ಅಗಸ್ಟಿನ್ ಬುಟ್ಟಿಯೊಳಗಿನ ಕೋಳಿಯಂತೆ ಒದ್ದಾಡಿ, ಕೂಗಿಯೇಬಿಟ್ಟ: “ನನ್ನ ತಾಯಿ ಕಲ್ಲಿನ ಹಾಗೆ ಗಟ್ಟಿ ಇದ್ದಾಳೆ ಮೇಡಂ!” ಒಂಬತ್ತು ವರ್ಷದಲ್ಲಿ ಅವನಾಡಿದ ಮೊದಲ ತಪ್ಪಿಲ್ಲದ ಫ್ರೆಂಚ್ ವಾಕ್ಯ.

ಯಜಮಾನಿ ಭುಜ ತಟ್ಟಿದಳು. “ಹಾಗೇ ಧೈರ್ಯ ತಂದುಕೋ.”

ವಿಮಾನ ನಿಲ್ದಾಣದ ಬಾಗಿಲಲ್ಲಿ ಅವಳು ನಿಟ್ಟುಸಿರಿಟ್ಟಳು. “ಶುಕ್ರವಾರ ನಿನ್ನ ಮೀನು ಎರಡು ಸಲ ಹಾಕಿಸಿಕೊಂಡ ಗಡ್ಡದವ, ಅವನೇ ಕೆನಡಾದ ಅಧಿಕಾರಿ. ನಿನ್ನ ಸಂಸಾರದ ಹೆಸರು ನಾನೇ ಬರೆಸಿದ್ದೆ. ಅವನು ಸಂದರ್ಶನವೂ ಬೇಡವೆಂದ. ಸಂಜೆ ನಿನಗೆ ಹೇಳೋಣ ಅಂತಿದ್ದೆ. ತಾಯಿ ಹೀಗಿರುವಾಗ ನೀನೆಲ್ಲಿ ಹೋಗ್ತೀಯ? ಫೋನು ಮಾಡಿ ಹೆಸರು ತೆಗೆಸಿಬಿಟ್ಟೆ. ಆ ಜಾಗ ಬೇರೆಯವರಿಗೆ ಕೊಟ್ಟಾಯಿತು.”

ಮರುದಿನ ಊರಿನ ಮನೆಯಂಗಳದಲ್ಲಿ ಮೀನು ಹೆಚ್ಚುತ್ತಿದ್ದ ತಾಯಿ ತಲೆಯೆತ್ತಿ ನೋಡಿದಳು. “ಎಂತದಾ, ಕೆಲಸದಿಂದ ಓಡಿಸಿದ್ರಾ?”

ಹತ್ತನೆಯ ದಿನ ಮೊಯ್ದುವಿನ ಕಾಗದ ಬಂತು: “ತಂತಿ ಕೂಡಲೇ ಕಳಿಸು. ಬರುವ ವಾರ ಭುಜಂಗನ ತಾಯಿ ಸೀರಿಯಸ್ ಆಗ್ಲಿಕ್ಕುಂಟು.”